ಹಿತ್ತಲ ಬಾಗಿಲಿಗೆ ಬಂದ ಕೋಲು

ನಮ್ಮೂರಿನ ಹೊಗೆ ತಗ್ಗಿದ್ದು ಸರಕಾರದ ಅನುದಾನದಿಂದ ಎಂದು ಪೇಪರಿನಲ್ಲಿ ಬಂತು. ಸುಳ್ಳೇನಲ್ಲ, ದುಡ್ಡು ಸರಕಾರದ್ದೇ. ಆದರೆ ಆ ದುಡ್ಡು ತಾನಾಗಿ ಬಸ್ಸು ಹತ್ತಿ, ಮಂಕಿಯಲ್ಲಿ ಇಳಿದು, ದಾರಿ ಕೇಳಿಕೊಂಡು ನಮ್ಮೂರಿಗೆ ಬಂತೇ? ಕರೆದು ತಂದವಳು ನಾಗು. ಪೇಪರಿನವರಿಗೆ ನಾಗು ಯಾರೆಂದು ಗೊತ್ತಿಲ್ಲ. ನನಗೆ ಗೊತ್ತು, ಹಾಗಾಗಿ ನಾನು ಹೇಳುತ್ತೇನೆ.

ನಾನು ವಸಂತಿ ಹೆಗಡೆ. ನಿವೃತ್ತಳಾಗುವವರೆಗೂ ಇಲ್ಲಿಯ ಪ್ರಾಥಮಿಕ ಶಾಲೆಯಲ್ಲೇ ಕಲಿಸಿದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಈಗ ಗ್ರಾಮ ಪಂಚಾಯ್ತಿ ಸದಸ್ಯೆಯಾದರೂ ಊರಿಗೆಲ್ಲ ನಾನು ಅಕ್ಕೋರೇ. ಈ ಅಕ್ಕೋರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಇರುತ್ತದೆ, ಯಾಕೆ ಸುಳ್ಳು ಹೇಳಲಿ? ಸಿಟ್ಟಿಲ್ಲದೆ ಮಕ್ಕಳಿಗೆ ಮಗ್ಗಿ ಕಲಿಸಿದವರನ್ನು ಯಾರಾದರೂ ಇದ್ದರೆ ತೋರಿಸಿ.

ನಾಗುವಿನ ಮನೆ ಗೌಡರ ಕೊಪ್ಪದಲ್ಲಿದೆ. ಕೊಪ್ಪ ಅಂದರೆ ಹಾಲಕ್ಕಿ ಒಕ್ಕಲಿಗರ ಕೇರಿ. ಮಳೆಗಾಲ ಮುಗಿದ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬಸಳೆ ಬೆಳೆದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಮಾರುವುದು ಅವಳ ಕಸುಬು. ಮೀನುಗಾರರ ಕೇರಿಗೆ ಹೋದರೆ ಕೊಂಕಣಿಯಲ್ಲೇ ಚೌಕಾಸಿ. ಕೊರಳ ತುಂಬ ಕರಿಮಣಿ ಸರ, ಬಾಯಿ ತುಂಬ ಮಾತು. ಅವಳು ಪಿಸುಗುಟ್ಟಿದರೆ ಹೆದ್ದಾರಿಯಲ್ಲಿ ಹೋಗುವ ಲಾರಿಯವನು ಬ್ರೇಕ್ ಹಾಕುತ್ತಾನೆ. ಮದುವೆ ಮನೆಯಲ್ಲಿ ಹಾಡು ಎತ್ತುವವಳೂ ಅವಳೇ, ಬೇರೆಯವರ ಹಾಡಿನಲ್ಲಿ ತಪ್ಪು ಹುಡುಕುವವಳೂ ಅವಳೇ.

ಇಷ್ಟು ಬಾಯಿ ಇದ್ದವಳು ಗಂಡನ ಹೆಸರೊಂದನ್ನು ಮಾತ್ರ ಬಾಯಲ್ಲಿ ಎತ್ತಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವ ಕಾಲದವಳು. ಮಗಳು ಪವಿತ್ರಾಳನ್ನು ಶಾಲೆಗೆ ಸೇರಿಸಲು ಬಂದ ದಿನ ನಾನು ಕೇಳಿದೆ, "ಅಪ್ಪನ ಹೆಸರು ಎಂತ?"

"ಅದೇ ಅಕ್ಕೋರೆ, ಗುರುವಾರ ಆದ ಮೇಲೆ ಬತ್ತದಲ್ಲ, ಅದು."

"ಶುಕ್ರ ಅಂತ ಬಾಯಿ ಬಿಟ್ಟು ಹೇಳುಕೆ ಎಂತ ಧಾಡಿ ನಿಂಗೆ?" ಎಂದು ಗದರಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಹೇಳಲಿಲ್ಲ.

ಈ ಶುಕ್ರ ಕೊಪ್ಪದ ಕೋಲಕಾರ. ಹಾಲಕ್ಕಿಗಳಲ್ಲಿ ಊರಿನ ಮಾತಿಗೆ ಒಬ್ಬ ಊರಗೌಡ ಇರುತ್ತಾನೆ. ಅವನು ಹೇಳಿದ್ದನ್ನು ಕೋಲು ಹಿಡಿದು ಮನೆಮನೆಗೆ ಮುಟ್ಟಿಸುವವನು ಕೋಲಕಾರ. ಮದುವೆಯೋ ಸಾವೋ ಸುಗ್ಗಿಯೋ, ಅವನು ಬಂದು ಅಂಗಳದಲ್ಲಿ ನಿಂತು ಮನೆಯ ಯಜಮಾನನ ಹೆಸರು ಹಿಡಿದು ಕರೆಯಬೇಕು. "ಬತ್ತೆ" ಎನ್ನುವ ಉತ್ತರ ಬರುವವರೆಗೆ ಕೂರುವ ಹಾಗಿಲ್ಲ, ನೀರೂ ಮುಟ್ಟುವ ಹಾಗಿಲ್ಲ. ಒಮ್ಮೆ "ಬತ್ತೆ" ಅಂದ ಮೇಲೆ ಬಾರದಿದ್ದರೆ ಆ ಮನೆಗೆ ಮರ್ಯಾದೆ ಇಲ್ಲ. ಶುಕ್ರನ ಅಪ್ಪನೂ ಕೋಲಕಾರ, ಅಜ್ಜನೂ ಕೋಲಕಾರ. ನಾಗುವಿನದು ಗುಡುಗಿನ ಗಂಟಲಾದರೆ ಶುಕ್ರನದು ಮೆತ್ತನೆಯದು, ಆದರೂ ಅವನ ಕರೆಗೆ ಬಾರದೆ ಉಳಿದವರಿಲ್ಲ. ಕೊಪ್ಪದಲ್ಲಿ ಕರೆ ಬಾರದ ಮನೆ ಒಂದೇ, ಕೋಲಕಾರನ ಸ್ವಂತ ಮನೆ. ತನ್ನನ್ನು ತಾನೇ ಯಾರು ಕರೆದುಕೊಳ್ಳುತ್ತಾರೆ?

ಹೊಟ್ಟೆಪಾಡಿಗೆ ಶುಕ್ರ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಡುವ ಕೆಲಸಕ್ಕಿದ್ದ. ಕೊಪ್ಪದ ಪಕ್ಕದ ತಗ್ಗಿನಲ್ಲೇ ಕಾರ್ಖಾನೆ. ಗೇರುಬೀಜದ ಸಿಪ್ಪೆಯ ಎಣ್ಣೆ ಉರಿದರೆ ಬರುವ ಹೊಗೆ ಕುಡಿದವರಿಗೇ ಗೊತ್ತು. ಕಣ್ಣು ಉರಿ, ಗಂಟಲು ಉರಿ, ಕೈ ಸುಲಿದು ಕಪ್ಪು. ಅದರ ಚಿಮಣಿಯೋ, ಪಕ್ಕದ ತೆಂಗಿನ ಮರಕ್ಕಿಂತ ಗಿಡ್ಡ. ಚಳಿಗಾಲದ ಬೆಳಗು ಆ ಹೊಗೆ ಮೇಲೆ ಏರದೆ ಕೊಪ್ಪದ ಮನೆಗಳ ಮಾಡಿನ ಮೇಲೆಯೇ ಕಂಬಳಿ ಹೊದ್ದು ಮಲಗುತ್ತಿತ್ತು. ಅಂಗನವಾಡಿಯ ಮಕ್ಕಳ ಕೆಮ್ಮು ನಮ್ಮ ಮನೆಗೆ ಕೇಳುತ್ತಿತ್ತು. ಅಪ್ಸರಕೊಂಡದ ಜಲಪಾತ ನೋಡಲು ಬಂದವರು ನಮ್ಮೂರ ತಿರುವಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದರು. ನಮಗೆ ಏರಿಸಿಕೊಳ್ಳಲು ಯಾವ ಗಾಜಿದೆ?

ಶುಕ್ರನ ಎದೆ ಹಾಳಾಯಿತು. ಮೊದಲು ಗುಡ್ಡ ಹತ್ತುವಾಗ ಏದುಸಿರು, ಆಮೇಲೆ ಅಂಗಳ ದಾಟುವಾಗಲೂ. ಕೆಲಸ ಬಿಡಬೇಕಾಯಿತು. ಹೊನ್ನಾವರದ ಡಾಕ್ಟರು ಹೊಗೆಯಿಂದ ದೂರ ಇರಿ ಎಂದರು. ದೂರ ಅಂದರೆ ಎಲ್ಲಿ, ಸಮುದ್ರದೊಳಗೋ? ಮನೆಯ ಮಾಡಿನ ಮೇಲೇ ಹೊಗೆ ಕೂತಿದೆ. ಅಪ್ಪನ ಬದಲಿಗೆ ಪವಿತ್ರಾ ಅದೇ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಸುಲಿಯಲು ಸೇರಿದಳು. ಕೊಪ್ಪದ ಅರ್ಧಕ್ಕರ್ಧ ಹೆಂಗಸರು ಅಲ್ಲೇ ದುಡಿಯುವವರು. ಹೊಗೆಯನ್ನು ಬೈಯಬಹುದು, ಕಾರ್ಖಾನೆಯನ್ನು ಬೈದರೆ ಒಲೆ ಉರಿಯುವುದಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಹಳ್ಳಿಗಳ ಇಂಥ ಸಣ್ಣ ಕಾರ್ಖಾನೆಗಳ ಹೊಗೆ ತಗ್ಗಿಸಲು, ಅಂದರೆ ಚಿಮಣಿ ಎತ್ತರಿಸಿ ಹೊಗೆಯನ್ನು ನೀರಿನಲ್ಲಿ ತೊಳೆಯುವ ಯಂತ್ರ ಕೂರಿಸಲು, ರಾಜ್ಯ ಸರಕಾರ ಅನುದಾನ ಕೊಡುತ್ತದಂತೆ. ಮಾಲೀಕ ರಾಜೀವ ಕಾಮತರು ತಮ್ಮ ಪಾಲು ಹಾಕಲು ತಯಾರಿದ್ದರು. ಷರತ್ತು ಒಂದೇ. ಈ ಅನುದಾನ ನಮಗೆ ಬೇಕು, ನಮ್ಮ ಬೆಂಬಲವಿದೆ ಎಂದು ಗ್ರಾಮಸಭೆಯಲ್ಲಿ ಠರಾವು ಆಗಬೇಕು, ಅದೂ ತಿಂಗಳ ಕೊನೆಯೊಳಗೆ. ಆಗದಿದ್ದರೆ ದುಡ್ಡು ಬೇರೆ ತಾಲೂಕಿಗೆ.

ನಮ್ಮ ಪಿಡಿಒ ಅನೂಪ ಆಟೋಕ್ಕೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದ. ಸಭೆಗೆ ಬಂದದ್ದು ಯಾವಾಗಲೂ ಬರುವ ನಾಲ್ಕು ಮಂದಿ, ಮತ್ತೆ ಚಾ ಎಷ್ಟು ಹೊತ್ತಿಗೆ ಎಂದು ಕೇಳಲು ಬಂದ ಒಬ್ಬ. ಕೋರಂ ಇಲ್ಲ. ಮುಂದೂಡಿದೆವು.

ನಾನು ನೇರ ಶುಕ್ರನ ಮನೆಗೆ ಹೋದೆ. "ಕೋಲು ತೆಗಿ ಮಾರಾಯ. ಮೈಕು ಕರದ್ರೆ ಯಾರೂ ಬರುದಿಲ್ಲ. ನೀನು ಕರದ್ರೆ ಬತ್ತಾರೆ."

"ಇದು ಸರ್ಕಾರದ ಸಭೆ ಅಲ್ದಾ ಅಕ್ಕೋರೆ? ನಮ್ಮ ಕೋಲು ಅದ್ಕೆ ನಡೀತದ್ಯಾ?"

"ನಿನ್ನ ಎದೆಲಿ ಕೂತ ಹೊಗೆ ಯಾರದ್ದು? ಸರ್ಕಾರದ್ದಾ, ನಿಂದಾ?"

ಅವನು ಊರಗೌಡ ಶಿವನ ಒಪ್ಪಿಗೆ ಪಡೆದು ಹೊರಟ. ಪ್ರತಿ ಅಂಗಳದಲ್ಲಿ ಕೋಲಿನ ಮೇಲೆ ಭಾರ ಹಾಕಿ ಉಸಿರು ಹಿಡಿದು ನಿಂತು, ಆಮೇಲೆ ಕರೆದನಂತೆ. ಕೂತರೆ ಪದ್ಧತಿ ಮುರಿಯುತ್ತದೆ ಅಂತ ಎಲ್ಲಿಯೂ ಕೂರಲಿಲ್ಲ. ಕೊಪ್ಪ ಮುಗಿಸಿ ಉಳಿದ ಕೇರಿಗಳಿಗೂ ಹೋದ.

ಸಭೆಯ ದಿನ ಹಾಲ್ ಕಿಕ್ಕಿರಿದು ತುಂಬಿತ್ತು. ನನಗೋ ಹಿಗ್ಗೇ ಹಿಗ್ಗು. ತಾಲೂಕಿನಿಂದ ಬಂದ ನೋಡಲ್ ಅಧಿಕಾರಿ ವೀಣಾ ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು. "ಮೇಡಂ, ಮಹಿಳೆಯರು ಎಲ್ಲಿ?"

ನಾನು ತಿರುಗಿ ನೋಡಿದೆ. ಅಯ್ಯೋ ದೇವರೇ! ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಒಂದು ಸೀರೆ ಇಲ್ಲ. ಅಧ್ಯಕ್ಷೆ ಮಹಾಲಕ್ಷ್ಮೀ, ಅಂಗನವಾಡಿಯ ಟೀಚರು, ನಾನು, ಇಷ್ಟೇ ಹೆಂಗಸರು.

"ಮಹಿಳೆಯರು ಸಾಕಷ್ಟು ಇಲ್ಲದೆ ಸಭೆ ನಡೆಸಲು ನಿಯಮ ಇಲ್ಲ," ಎಂದರು ವೀಣಾ. ಪಾಪ, ಅವರ ತಪ್ಪೇನು?

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ನಿಮ್ಮ ಮನೆಲಿ ಹೆಂಗಸರೇ ಇಲ್ವಾ? ಎಂತಕೆ ಬಿಟ್ಟು ಬಂದ್ರಿ?" ಎಂದು ಕೂಗಿದೆ.

ಊರಗೌಡ ಶಿವ ಎದ್ದು ನಿಂತ. "ಮನೆಗೊಬ್ರು ಅಂತ ಕರೆ ಬಂತು ಅಕ್ಕೋರೆ. ಮನೆಗೊಬ್ರು ಬಂದೇವು. ನಮ್ದೆಂತ ತಪ್ಪು?"

ತಪ್ಪು ಯಾರದ್ದೂ ಅಲ್ಲ. ಅಜ್ಜನ ಕಾಲದಿಂದ ಕೋಲು ಬಂದದ್ದು ಮುಂದಿನ ಅಂಗಳಕ್ಕೆ, ಕರೆದದ್ದು ಯಜಮಾನನನ್ನು, ಬಂದದ್ದೂ ಯಜಮಾನ. ಹೆಂಗಸರನ್ನು ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಸಭೆ ಮತ್ತೆ ಮುಂದಕ್ಕೆ ಹೋಯಿತು. ಉಳಿದದ್ದು ಒಂದೇ ಭಾನುವಾರ, ಅದು ಬಿಟ್ಟರೆ ತಿಂಗಳು ಮುಗಿಯಿತು.

ಆ ತಿರುಗಾಟಕ್ಕೆ ಶುಕ್ರ ಹಾಸಿಗೆ ಹಿಡಿದ. ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಕಟ್ಟುತ್ತದೆ. "ನನ್ನ ಕರೆಗೆ ಮೊದಲ ಸಲ ಸಭೆ ಆಗಲಿಲ್ಲ ಅಕ್ಕೋರೆ," ಎಂದ. ಕಣ್ಣಲ್ಲಿ ನೀರು. ಗಂಡು ಮಕ್ಕಳಿಲ್ಲದ ಮನೆ, ಕೋಲು ಇನ್ನು ದಾಯಾದಿಗಳ ಮನೆಗೆ ಹೋಗುತ್ತದೆ ಎಂದು ಆಗಲೇ ಕೊಪ್ಪದಲ್ಲಿ ಮಾತು ಶುರುವಾಗಿತ್ತು.

ನಾಗು ಮೂಲೆಯಲ್ಲಿದ್ದ ಕೋಲನ್ನು ತೆಗೆದಳು. "ನಾ ಹೋತೆ."

ಪವಿತ್ರಾ ಒಳಗಿನಿಂದ ಬಂದಳು. "ಹುಚ್ಚಾ ಅವ್ವಾ ನಿಂಗೆ? ಸರ್ಕಾರದವ್ರು ಹೊಗೆ ಹೊಗೆ ಅಂತ ಬಂದು ಕಡೆಗೆ ಬಾಗಿಲು ಹಾಕ್ಸಿದ್ರೆ? ನನ್ನ ಕೆಲಸ ಹೋದ್ರೆ ಅಪ್ಪನ ಮದ್ದಿಗೆ ಎಂತ ಮಾಡ್ತೆ?"

"ಹೊಗೆ ಹೀಂಗೇ ಇದ್ರೆ ಮದ್ದು ಕುಡೀಲಿಕ್ಕೆ ಅಪ್ಪ ಇರ್ಬೇಕಲ್ಲ ಮಗಾ?"

ಪವಿತ್ರಾ ಮುಖ ತಿರುಗಿಸಿ ಒಳಗೆ ಹೋದಳು. ಅವಳ ಹೆದರಿಕೆಯೂ ಸುಳ್ಳಲ್ಲ. ಮನೆಗೆ ಸಂಬಳ ತರುವ ಕೈ ಅದೊಂದೇ, ಬಸಳೆಯ ಬುಟ್ಟಿಯಿಂದ ಔಷಧಿ ಬರುವುದಿಲ್ಲ.

ನಾಗು ಶಿವನ ಮನೆಗೆ ಹೋದಳು, ಜೊತೆಗೆ ನಾನು. ಶಿವ ಎಲೆಯಡಿಕೆಯ ಕವಳ ಜಗಿಯುತ್ತ ತಲೆ ಕೆರೆದುಕೊಂಡ. "ಹೆಂಗಸು ಕೋಲು ಹಿಡದ್ದು ನಮ್ಮಲ್ಲಿ ಇಲ್ಲ ನಾಗು."

"ಕೋಲಕಾರನಿಗೆ ಉಸಿರು ನಿಲ್ದೇ ಇದ್ದದ್ದೂ ನಮ್ಮಲ್ಲಿ ಇರ್ಲಿಲ್ಲ. ಅದು ಬಂತಲ್ಲ? ಹಾಂಗೇ ಇದೂ ಬರ್ಲಿ. ಹಿಡುದು ಕೈ, ನಡೆದು ಕಾಲು. ಎರಡೂ ನಂಗೆ ಗಟ್ಟಿ ಇದ್ದು. ಬಾಯಿ ಗಟ್ಟಿ ಇದ್ದೋ ಇಲ್ವೋ, ನೀವೇ ಹೇಳಿ."

ಶಿವನಿಗೆ ನಗು ತಡೆಯಲಾಗಲಿಲ್ಲ. "ಆತು, ಹೋಗು. ನಿನ್ನ ಬಾಯಿಗೆ ಹೆದರಿ ಆದ್ರೂ ಜನ ಬತ್ತಾರೆ."

ಅವಳು ಪ್ರತಿ ಮನೆಯ ಮುಂದಿನ ಅಂಗಳದಲ್ಲಿ ಯಜಮಾನನ ಹೆಸರು ಕರೆದು ಉತ್ತರ ಪಡೆದಳು, ಪದ್ಧತಿ ಪದ್ಧತಿಯೇ. ಆದರೆ ಹೊರಟು ಹೋಗಲಿಲ್ಲ. ಮನೆ ಸುತ್ತಿ ಹಿತ್ತಲಿಗೆ ನಡೆದಳು. ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಬಚ್ಚಲ ಒಲೆ, ಹೆಂಗಸರು ಎಲ್ಲಿ ಸಿಗುತ್ತಾರೆ ಎಂದು ತರಕಾರಿ ಮಾರುವವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಕೋಲು ನೆಲಕ್ಕೆ ಊರಿ ಮನೆಯ ಹೆಂಗಸಿನ ಹೆಸರು ಹಿಡಿದು ಕರೆದಳು. ಹುಟ್ಟಿದ ಮೇಲೆ ತಮ್ಮ ಹೆಸರಿಗೆ ಕೋಲಿನ ಕರೆ ಬಂದದ್ದು ಕೇಳದ ಮುದುಕಿಯರು ಕೈ ಒರೆಸಿಕೊಂಡು ಎದ್ದು ನಿಂತರಂತೆ. ಕೆಲವರು ಪವಿತ್ರಾ ಕೇಳಿದ್ದನ್ನೇ ಕೇಳಿದರು, ಕಾರ್ಖಾನೆ ಮುಚ್ಚಿದರೆ ಎಂದು. "ಮುಚ್ಚುದಲ್ಲ, ಹೊಗೆಗೆ ಮೀಸುದು," ಎಂದಳು ನಾಗು. ಹೊಗೆಗೂ ಸ್ನಾನವಂತೆ ಎಂದು ಬಾವಿಕಟ್ಟೆಗಳಲ್ಲೆಲ್ಲ ನಗೆಯೇ ನಗೆ.

ನಮ್ಮ ಮನೆಗೂ ಬಂದಳು. ಸಭೆ ಕರೆದ ಸದಸ್ಯೆ ನಾನು, ನನಗೇ ಕರೆ! ಹಿತ್ತಲಲ್ಲಿ ನಿಂತು, "ವಸಂತಿ ಅಕ್ಕೋರೆ, ಬತ್ರೋ ಇಲ್ವೋ?" ಎಂದಳು.

"ನಾನೇ ಅಲ್ದನೇ ಸಭೆ ಮಾಡುದು? ತಲೆ ಸರಿ ಇದ್ದಾ ನಿಂಗೆ?"

ಅವಳು ಅಲ್ಲಾಡಲಿಲ್ಲ. ನನ್ನ ಯಜಮಾನರು ಶಾಂತಾರಾಮ ಹೆಗಡೆಯವರು ಒಳಗಿನಿಂದ ನಗುತ್ತ, "ಹೇಳಿಬಿಡೇ ಮಾರಾಯ್ತಿ, ಇಲ್ದಿದ್ರೆ ಅದು ಹೋಗ್ತಿಲ್ಲೆ," ಎಂದರು. "ಬತ್ತೆ" ಎಂದೆ. ಹೇಳಿದ ಮೇಲೆ ಯಾಕೋ ಮೈ ಜುಂ ಎಂದಿತು. ಎಷ್ಟೋ ಸಭೆಗಳಿಗೆ ಹೋದವಳು ನಾನು, ಕರೆಸಿಕೊಂಡು ಹೋದದ್ದು ಅದೇ ಮೊದಲು.

ಶನಿವಾರ ಹೊತ್ತು ಇಳಿಯುವ ಹೊತ್ತಿಗೆ ನಾನು ಶುಕ್ರನ ಜಗಲಿಯಲ್ಲಿ ಅವನ ಪಕ್ಕ ಕೂತಿದ್ದೆ. ಎಲ್ಲ ಮನೆ ಮುಗಿಸಿ ನಾಗು ಬಂದಳು. ಜಗಲಿ ಹತ್ತಿ ಕೋಲು ಇಡುತ್ತಾಳೆ ಎಂದುಕೊಂಡೆ. ಇಲ್ಲ. ಅಂಗಳದ ನಡುವೆ ನಿಂತಳು. ಕಾಲು ಧೂಳು, ತುಟಿ ಒಣಗಿ ಬಿಳಿಚಿತ್ತು. ಬೆಳಗಿನಿಂದ ನೀರು ಕುಡಿದಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಇನ್ನೆಂತ, ಬಾ ಒಳಗೆ," ಎಂದ ಶುಕ್ರ.

ಅವಳು ಕೋಲು ಊರಿದಳು. ಒಮ್ಮೆ ಬಾಯಿ ತೆರೆದು ಮುಚ್ಚಿದಳು. ಕೊಪ್ಪದ ನಾಲ್ಕು ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಆಮೇಲೆ ಆ ಗುಡುಗಿನ ಗಂಟಲಲ್ಲಿ ಕರೆದಳು.

"ಶುಕ್ರ ಗೌಡ! ನಾಳೆ ಊರ ಸಭೆ. ಬತ್ರೋ ಇಲ್ವೋ?"

ಯಾರೂ ನಗಲಿಲ್ಲ. ಶುಕ್ರ ಹೆಂಡತಿಯನ್ನೇ ನೋಡಿದ. ಬದುಕಿಡೀ ಊರನ್ನು ಕರೆದವನನ್ನು ಆವರೆಗೆ ಯಾರೂ ಕರೆದಿರಲಿಲ್ಲ. ಗೋಡೆ ಹಿಡಿದು ಎದ್ದು ನಿಂತ, ಕರೆಗೆ ಕೂತು ಉತ್ತರ ಕೊಡುವುದಿಲ್ಲ. "ಬ..." ಎಂದ, ಉಸಿರು ಸಾಲಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು ಮತ್ತೆ ಹೇಳಿದ, "ಬತ್ತೆ."

ನನ್ನ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಾಗು ಮನೆ ಸುತ್ತಿ ಹಿತ್ತಲಿಗೆ ಹೋದಳು. ಅವಳ ಗಂಟಲಿಗೆ ಜಗಲಿ ಏನು, ಹಿತ್ತಲು ಏನು, ಎಲ್ಲ ಕೇಳಿಸಿತು. "ಪವಿತ್ರಾ ಗೌಡ! ಬತ್ಯೋ ಇಲ್ವೋ?"

"ಒಳಗೆ ಬಾ ಅವ್ವಾ. ಮೊದಲು ನೀರು ಕುಡಿ."

"ನೀರು ಕಡೆಗೆ. ಉತ್ತರ ಹೇಳು."

ಶುಕ್ರ ಇನ್ನೂ ನಿಂತೇ ಇದ್ದ. ಕೊನೆಗೆ ಹುಡುಗಿಯ ದನಿ ಬಂತು. "ಬತ್ತೆ. ಆದ್ರೆ ಕೈ ಎತ್ತುದು ಬಿಡುದು ನಂಗೆ ಬಿಟ್ಟದ್ದು."

"ಕರಿಯುದು ಅಷ್ಟೇ ನನ್ನ ಕೆಲಸ," ಎಂದಳು ತಾಯಿ. ಆಮೇಲೆ ಕೊಡಪಾನದ ಸದ್ದು ಕೇಳಿತು.

ಭಾನುವಾರ ಹಾಲ್ ಸಾಲದೆ ಅಂಗಳಕ್ಕೆ ಚಾಪೆ ಹಾಕಿಸಬೇಕಾಯಿತು. ಸೀರೆಯೇ ಸೀರೆ! ಮೀನುಗಾರರ ಕೇರಿಯವರು, ನಮ್ಮ ತೋಟದ ಮನೆಗಳವರು, ಕೊಪ್ಪದ ಅಜ್ಜಿಯರು. ಶುಕ್ರ ಆಟೋದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತ, ನಾಗು ಕೋಲು ಹಿಡಿದು ಪಕ್ಕದಲ್ಲಿ ನಿಂತಳು. ಕಾಮತರೂ ಬಂದಿದ್ದರು. ವೀಣಾ ಮೇಡಂ ಸುತ್ತ ನೋಡಿ ಏನೂ ಕೇಳಲಿಲ್ಲ, ಮುಗುಳ್ನಕ್ಕರು. ಹೊಗೆ ತಗ್ಗಿಸಲು ರಾಜ್ಯ ಸರಕಾರ ನಮ್ಮೂರಿಗೆ ಅನುದಾನ ಕೊಡಬೇಕು, ಅದಕ್ಕೆ ಈ ಸಭೆಯ ಪೂರ್ಣ ಬೆಂಬಲ ಇದೆ ಎಂಬ ಠರಾವನ್ನು ನಾನು ಓದಿದೆ. ಒಪ್ಪುವವರು ಕೈ ಎತ್ತಿ ಎಂದೆ.

ಗಂಡಸರ ಕೈ ಎದ್ದವು. ಕಾರ್ಖಾನೆಯ ಹೆಂಗಸರು ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರೂ ಪವಿತ್ರಾಳನ್ನು ನೋಡುತ್ತಿದ್ದರು.

ಅವಳು ಎದ್ದು ನಿಂತು ರಾಜೀವ ಕಾಮತರ ಕಡೆ ತಿರುಗಿದಳು. "ಸಾಹುಕಾರ್ರೇ, ಯಂತ್ರ ಕೂರ್ಸುವ ಕೆಲಸ ನಡೆವಾಗ ಬಾಗಿಲು ಹಾಕುದಿಲ್ಲ, ಆಮೇಲೂ ನಮ್ಮನ್ನು ಬಿಡ್ಸುದಿಲ್ಲ ಅಂತ ಹೇಳಿ. ನಂಗಲ್ಲ, ಈ ಕೋಲಿಗೆ ಹೇಳಿ."

ಕೋಲು ಮುಟ್ಟಿ ಹೇಳಿದ ಮಾತಿಗೆ ತಪ್ಪಿದರೆ ಆಮೇಲೆ ಆ ಊರಲ್ಲಿ ಯಾರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ ಎಂದು ಇಲ್ಲೇ ಹುಟ್ಟಿ ಬೆಳೆದ ಕಾಮತರಿಗೆ ಗೊತ್ತಿಲ್ಲವೇ? ಅವರು ಎದ್ದರು. ನಾಗು ಕೋಲು ಮುಂದೆ ಹಿಡಿದಳು. ಕಾಮತರು ಚಪ್ಪಲಿ ಕಳಚಿ ಕೋಲು ಮುಟ್ಟಿ, "ಬಾಗಿಲು ಹಾಕುವುದಿಲ್ಲ. ಒಬ್ಬರನ್ನೂ ಬಿಡಿಸುವುದಿಲ್ಲ," ಎಂದರು.

ಪವಿತ್ರಾಳ ಕೈ ಮೇಲೆ ಹೋಯಿತು. ಅವಳ ಹಿಂದೆ ಹೋದ ಕೈಗಳನ್ನು ಎಣಿಸಲು ಅನೂಪ ಎದ್ದು ನಿಂತ, ಎಣಿಸಲಾರದೆ ಕೂತ. "ಸರ್ವಾನುಮತ ಅಂತ ಬರಿಯೋ!" ಎಂದು ನಾನು ಗದರಿದೆ. ನನ್ನ ಊರಿನ ಬಗ್ಗೆ ನನಗೆ ಅಷ್ಟು ಹೆಮ್ಮೆ ಆ ದಿನದವರೆಗೆ ಆಗಿರಲಿಲ್ಲ.

ಅನುದಾನ ಬಂತು. ತಡವಾಗಿಯೇ ಬಂತು, ಸರಕಾರ ಅಲ್ಲವೇ. ಈಗ ಚಿಮಣಿ ತೆಂಗಿನ ಮರ ದಾಟಿ ನಿಂತಿದೆ, ಯಂತ್ರ ಹೊಗೆಗೆ ಮೀಸುತ್ತದೆ, ಕಾಮತರು ಮಾತು ಉಳಿಸಿಕೊಂಡಿದ್ದಾರೆ. ಹೋದ ಎದೆ ಪೂರ್ತಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಈ ಚಳಿಗಾಲ ಶುಕ್ರ ಹಾಸಿಗೆ ಹಿಡಿಯಲಿಲ್ಲ. ಕೋಲು ದಾಯಾದಿಗಳ ಮನೆಗೆ ಹೋಗಲಿಲ್ಲ. ಸುಗ್ಗಿಗೂ ಮದುವೆಗೂ ನಾಗುವೇ ಕರೆಯುತ್ತಾಳೆ, ಎರಡೂ ಬಾಗಿಲಿಗೆ. ಕೊಪ್ಪದ ಕೋಲಕಾರ ಯಾರು ಎಂದು ಕೇಳಿದರೆ "ನಾನೇ, ಮತ್ಯಾರು?" ಎಂದು ಎದೆ ಮುಂದೆ ಮಾಡಿ ಹೇಳುತ್ತಾಳೆ. ಹೇಳಲಿ.

"ಗಂಡನ ಹೆಸರು ಹಿಡ್ದು ಕೂಗ್ತ್ಯಲ್ಲೇ, ನಾಚಿಕೆ ಆಗುದಿಲ್ವಾ?" ಎಂದು ಮೊನ್ನೆ ರೇಗಿಸಿದೆ.

"ಕೋಲು ಕೈಲಿದ್ದಾಗ ಎಂತ ನಾಚಿಕೆ ಅಕ್ಕೋರೆ? ಕೋಲು ಇಟ್ಟ ಮೇಲೆ ಅವ್ರು ಪವಿತ್ರನ ಅಪ್ಪನೇ."

ಕಳೆದ ವಾರ ಮತ್ತೊಂದು ಗ್ರಾಮಸಭೆಗೆ ಕರೆ ಹೊರಟಿತ್ತು. ಬೆಳಗಿನ ಹೊತ್ತು, ಚಳಿ ಇತ್ತು. ನಾನು ಕೊಪ್ಪದ ದಾರಿಯಲ್ಲೇ ಬರುತ್ತಿದ್ದೆ. ನಾಗು ತನ್ನ ಅಂಗಳದಲ್ಲಿ ಕೋಲು ಊರಿ ಗಂಡನ ಹೆಸರು ಕೂಗಿದಳು. ಶುಕ್ರ ಜಗಲಿಯ ಮೇಲೆ ಆಗಲೇ ಎದ್ದು ನಿಂತಿದ್ದ. "ಬತ್ತೆ!" ಎಂದ. ಒಂದೇ ಉಸಿರಿಗೆ ಎಂದ, ರಸ್ತೆಯಲ್ಲಿದ್ದ ನನಗೂ ಕೇಳಿಸಿತು.